ಕಾರ್ಡಿನ ಹಿಂಬದಿಯ ಹೆಸರು: ವಿಕ್ಟೋರಿಯಾ ಕಾಲದ ಸ್ಟುಡಿಯೊ ಫೋಟೋಗ್ರಾಫರ್ ಒಬ್ಬರ ಬದುಕನ್ನು ಹುಡುಕುವುದು ಹೇಗೆ

ನಾಟಿಂಗ್‌ಹ್ಯಾಮ್‌ನಲ್ಲಿ ಭಾನುವಾರದ ಹಳೇ ಸಾಮಾನಿನ ಸಂತೆ. ಒಂದು ಶೂ ಡಬ್ಬದ ತುಂಬ ಹಳೇ ಫೋಟೋಗಳು, ಒಂದಕ್ಕೆ ಐವತ್ತು ಪೆನ್ಸ್. ನನ್ನ ಕೈಗೆ ಬಂದದ್ದರಲ್ಲಿ ಒಬ್ಬ ಹೆಂಗಸು ಕೂತಿದ್ದಳು, ತೊಡೆಯ ಮೇಲೆ ಮಗು. ಮಗು ಅಲುಗಾಡಿದ್ದರಿಂದ ಅದರ ಮುಖ ಮಸುಕಾಗಿದೆ. ತಾಯಿ ಯಾರು, ಮಗು ಯಾರು, ಎಲ್ಲೂ ಬರೆದಿಲ್ಲ. ತಿರುಗಿಸಿ ನೋಡಿದರೆ ಫೋಟೋ ತೆಗೆದವನ ಹೆಸರು ದೊಡ್ಡ ಅಕ್ಷರದಲ್ಲಿತ್ತು. ಅದರ ಕೆಳಗೆ ಎರಡು ವಿಳಾಸ. ಮೂಲೆಯಲ್ಲಿ ಪೆನ್ಸಿಲಿನಲ್ಲಿ 3142 ಎಂದು ಬರೆದಿತ್ತು.

ಆ ಹೆಂಗಸನ್ನು ಹುಡುಕಲು ನನ್ನ ಹತ್ತಿರ ಏನೂ ಇರಲಿಲ್ಲ. ಆದರೆ ಫೋಟೋ ತೆಗೆದವನನ್ನು ಹುಡುಕಬಹುದಿತ್ತು. ಹೀಗೆ ಶುರುವಾದ ಹುಡುಕಾಟ ನನ್ನನ್ನು ಇನ್ನೂ ಬಿಟ್ಟಿಲ್ಲ. ಆತನ ವಂಶದವರು ಈಗಲೂ ಅದೇ ಸುತ್ತಮುತ್ತ ಇದ್ದಾರೆ, ಹಾಗಾಗಿ ಹೆಸರು ಹೇಳುವುದಿಲ್ಲ. ಹುಡುಕಿದ ದಾರಿಯನ್ನು ಮಾತ್ರ ಹೇಳುತ್ತೇನೆ. ಇಂಗ್ಲೆಂಡಿನ ಯಾವ ಊರಿನ ಸ್ಟುಡಿಯೊಗಾದರೂ ಈ ದಾರಿ ನಡೆಯುತ್ತದೆ. ಮುಕ್ಕಾಲು ಪಾಲು ಕೆಲಸವನ್ನು ಬೆಂಗಳೂರಿನಲ್ಲೋ ಶಿವಮೊಗ್ಗದಲ್ಲೋ ಕೂತು ಕಂಪ್ಯೂಟರಿನಲ್ಲೇ ಮಾಡಬಹುದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಕೆಲಸದಲ್ಲಿ ಹೆಸರಿಗಿಂತ ವಿಳಾಸ ಮುಖ್ಯ. ಹೆಸರು ಮೋಸ ಮಾಡುತ್ತದೆ. ಲಂಡನ್ನಿನ ಬಹು ದೊಡ್ಡ ಫೋಟೋಗ್ರಾಫರ್ ಜಾನ್ ಜೇಬೆಜ್ ಎಡ್ವಿನ್ ಮೇಯಾಲ್ ಅವರನ್ನೇ ನೋಡಿ. ಅಮೆರಿಕದಿಂದ ಬಂದವರೆಂದು ಜನ ತಿಳಿದಿದ್ದರು. ಅವರು ಹುಟ್ಟಿದ್ದು 1813ರಲ್ಲಿ, ಲ್ಯಾಂಕಷೈರಿನ ಓಲ್ಡ್‌ಹ್ಯಾಮ್ ಹತ್ತಿರ. ಹುಟ್ಟಿದಾಗಿನ ಹೆಸರು ಜೇಬೆಜ್ ಮೀಲ್. ಡಬ್ಲಿನ್ನಿನ ಪ್ರಸಿದ್ಧ 'ಲಫಾಯೆಟ್' ಸ್ಟುಡಿಯೊ ನಡೆಸಿದವರ ನಿಜವಾದ ಹೆಸರು ಜೇಮ್ಸ್ ಸ್ಟ್ಯಾಕ್ ಲಾಡರ್. ಫ್ರೆಂಚ್ ಹೆಸರಿಗೆ ಗಿರಾಕಿ ಜಾಸ್ತಿ, ಅಷ್ಟೇ. 'ಮೀಲ್' ಗೊತ್ತಿಲ್ಲದವರು ಚರ್ಚಿನ ಪುಸ್ತಕದಲ್ಲಿ ಮೇಯಾಲ್ ಹುಟ್ಟನ್ನು ಎಷ್ಟು ಹುಡುಕಿದರೂ ಸಿಗುವುದಿಲ್ಲ. ಆದರೆ ಅವರ ಅಂಗಡಿ ಯಾವ ಬೀದಿಯಲ್ಲಿ ಯಾವ ವರ್ಷ ಇತ್ತು ಅನ್ನುವುದು ಅಚ್ಚಾಗಿ ಉಳಿದಿದೆ.

ಹೆಜ್ಜೆ 1: ಕಾರ್ಡನ್ನೇ ಮೊದಲು ಓದಿ

ಹೆಸರನ್ನು ಕೂಡಲೇ ಗೂಗಲ್‌ಗೆ ಹಾಕಬೇಡಿ. ಅರ್ಧ ಗಂಟೆ ಕಾರ್ಡನ್ನು ನೋಡಿ. ಕಿಟಕಿಯ ಬೆಳಕು, ಒಂದು ಭೂತಗನ್ನಡಿ, ಒಂದು ಸ್ಕೇಲು ಸಾಕು. ಎರಡೂ ಬದಿಯನ್ನು ಸ್ಕ್ಯಾನ್ ಮಾಡಿ. ಹಿಂಬದಿಯನ್ನು ಸ್ಕ್ಯಾನ್ ಮಾಡದೆ ಬಿಡುವವರೇ ಜಾಸ್ತಿ, ಆದರೆ ನಮಗೆ ಬೇಕಾದದ್ದು ಇರುವುದೇ ಅಲ್ಲಿ.

ಅಚ್ಚಾದ ಅಕ್ಷರಗಳನ್ನು ಒಂದೂ ಬಿಡದೆ, ತಿದ್ದದೆ ಬರೆದುಕೊಳ್ಳಿ. 'ಆ್ಯಂಡ್ ಅಟ್' ಎಂದಿದ್ದರೆ ಇನ್ನೊಂದು ಊರಲ್ಲಿ ಶಾಖೆ ಇತ್ತು. 'ಲೇಟ್' ಅಥವಾ 'ಸಕ್ಸೆಸರ್ ಟು' ಎಂದಿದ್ದರೆ ಬೇರೆಯವರ ಅಂಗಡಿಯನ್ನು ಆತ ವಹಿಸಿಕೊಂಡಿದ್ದ, ಆ ಬೇರೆಯವರ ಹೆಸರೂ ನಿಮ್ಮ ಪಟ್ಟಿಗೆ ಬರಬೇಕು. ಪದಕದ ಚಿತ್ರವಿದ್ದರೆ ಅದರೊಳಗಿನ ಇಸವಿ ನೋಡಿ. ಕಾರ್ಡು ಆ ಇಸವಿಗಿಂತ ಹಿಂದಿನದಾಗಿರಲು ಸಾಧ್ಯವಿಲ್ಲ. ಕೆಳ ಅಂಚಿನಲ್ಲಿ ಸಣ್ಣದಾಗಿ 'ಮೇರಿಯನ್, ಪ್ಯಾರಿಸ್' ಎಂಬಂಥ ಹೆಸರಿದ್ದರೆ ಅದು ಫೋಟೋಗ್ರಾಫರ್ ಹೆಸರಲ್ಲ, ಕಾರ್ಡು ಅಚ್ಚು ಮಾಡಿಕೊಟ್ಟವರದು. ಹೊಸಬರು ಇಲ್ಲಿ ಎಡವುತ್ತಾರೆ.

ಪೆನ್ಸಿಲಿನ ಸಂಖ್ಯೆ ಬಂಗಾರದಂಥದ್ದು. ಅದು ನೆಗೆಟಿವ್ ಸಂಖ್ಯೆ. 'ಪ್ರತಿಗಳು ಯಾವಾಗ ಬೇಕಾದರೂ ಸಿಗುತ್ತವೆ' ಎಂದು ಕಾರ್ಡಿನಲ್ಲಿ ಅಚ್ಚು ಹಾಕಿಸುತ್ತಿದ್ದರು. ಗಿರಾಕಿ ಮತ್ತೆ ಬಂದು ಈ ಸಂಖ್ಯೆ ಹೇಳಿದರೆ ಗಾಜಿನ ನೆಗೆಟಿವ್ ಹುಡುಕಿ ಮತ್ತೆ ಪ್ರಿಂಟ್ ಮಾಡಿ ಕೊಡುತ್ತಿದ್ದರು. ಒಂದೇ ಸ್ಟುಡಿಯೊದ ಹತ್ತಿಪ್ಪತ್ತು ಕಾರ್ಡು ಸೇರಿಸಿ ಸಂಖ್ಯೆಯ ಪ್ರಕಾರ ಜೋಡಿಸಿದರೆ ವರ್ಷಕ್ಕೆ ಎಷ್ಟು ಕೆಲಸ ಇತ್ತು ಅನ್ನುವ ಅಂದಾಜೇ ಸಿಗುತ್ತದೆ.

ಆಮೇಲೆ ಮುಂಬದಿ. ಮುಖ ಬಿಡಿ, ಸುತ್ತಮುತ್ತ ನೋಡಿ. ನಿಂತವರ ಕಾಲಿನ ಹಿಂದೆ ಕಬ್ಬಿಣದ ಸ್ಟ್ಯಾಂಡಿನ ಬುಡ ಕಾಣುತ್ತದೆಯೇ? ತಲೆ ಅಲುಗಾಡದಂತೆ ಹಿಂದಿನಿಂದ ಹಿಡಿದಿಡುವ ಸಾಧನ ಅದು. ಕುರ್ಚಿ ಯಾವುದು, ಹಿಂದಿನ ಪರದೆಯಲ್ಲಿ ಬರೆದ ಚಿತ್ರ ಯಾವುದು? ಸ್ಟುಡಿಯೊದವರು ಇವನ್ನು ವರ್ಷಗಟ್ಟಲೆ ಬದಲಿಸುತ್ತಿರಲಿಲ್ಲ. ಹೆಸರೇ ಇಲ್ಲದ ಕಾರ್ಡೊಂದರಲ್ಲಿ ನನ್ನ ಫೋಟೋಗ್ರಾಫರನ ಕುರ್ಚಿಯನ್ನು ಗುರುತು ಹಿಡಿದಿದ್ದೇನೆ. ಅದರ ಎಡಗೈ ಮೇಲಿನ ಗೊಂಚಲು ಮುರಿದಿತ್ತು, ಎರಡೂ ಫೋಟೋದಲ್ಲಿ ಒಂದೇ ಜಾಗದಲ್ಲಿ.

ಹೆಜ್ಜೆ 2: ಕಾಲ ಯಾವುದು, ಅಂದಾಜು ಮಾಡಿ

ನಿಖರ ವರ್ಷ ಈಗಲೇ ಬೇಡ. ಹತ್ತು ವರ್ಷದ ಅಂತರ ಸಿಕ್ಕರೆ ಸಾಕು.

ಇಂಗ್ಲೆಂಡಿನ ಮೊದಲ ಸ್ಟುಡಿಯೊವನ್ನು ರಿಚರ್ಡ್ ಬಿಯರ್ಡ್ ಲಂಡನ್ನಿನ ರೀಜೆಂಟ್ ಸ್ಟ್ರೀಟಿನಲ್ಲಿ 1841ರಲ್ಲಿ ತೆರೆದರು. ಆಗ ಫೋಟೋ ಎಂದರೆ ಬೆಳ್ಳಿ ಲೇಪದ ತಗಡಿನ ಮೇಲಿನ ಡಗೆರೋಟೈಪ್. ಅದರ ಪೇಟೆಂಟ್ ಬಿಯರ್ಡ್ ಕೈಯಲ್ಲಿತ್ತು, ಲೈಸೆನ್ಸ್ ಇಲ್ಲದೆ ಅಂಗಡಿ ಹಾಕುವ ಹಾಗಿರಲಿಲ್ಲ. ಅದಕ್ಕೇ 1853ರ ತನಕ ಫೋಟೋಗ್ರಾಫರುಗಳು ಬೆರಳೆಣಿಕೆಯಷ್ಟು. 1851ರಲ್ಲಿ ಫ್ರೆಡರಿಕ್ ಸ್ಕಾಟ್ ಆರ್ಚರ್ ಒದ್ದೆ ಗಾಜಿನ ಕೊಲೋಡಿಯನ್ ವಿಧಾನವನ್ನು ಪೇಟೆಂಟ್ ಇಲ್ಲದೆ ಎಲ್ಲರಿಗೂ ಬಿಟ್ಟುಕೊಟ್ಟರು. ಅದರ ಮೇಲೂ ತನಗೇ ಹಕ್ಕಿದೆ ಎಂದು, ಕಾಗದದ ನೆಗೆಟಿವ್ ವಿಧಾನ ಕಂಡುಹಿಡಿದ ಟಾಲ್ಬಟ್ ಹೂಡಿದ ಕೇಸು 1854ರ ಡಿಸೆಂಬರಿನಲ್ಲಿ ಬಿದ್ದುಹೋಯಿತು. ಬಾಗಿಲು ತೆರೆದದ್ದು ಅಲ್ಲಿ. 1851ರ ಜನಗಣತಿಯಲ್ಲಿ ಫೋಟೋಗ್ರಾಫರ್ ಎಂದು ಬರೆಸಿದವರು 51 ಜನ. ಹತ್ತು ವರ್ಷದಲ್ಲಿ ಆ ಸಂಖ್ಯೆ ಎರಡೂವರೆ ಸಾವಿರ ದಾಟಿತು.

ಸಣ್ಣ ಕಾರ್ಡು, ಅಂದರೆ ಸುಮಾರು ಎರಡೂವರೆ ಇಂಚು ಅಗಲ, ನಾಲ್ಕು ಇಂಚು ಉದ್ದದ್ದು, ಕಾರ್ಟ್ ಡಿ ವಿಸಿಟ್. ಪ್ಯಾರಿಸ್ಸಿನ ಡಿಸ್ಡೇರಿ 1854ರಲ್ಲಿ ಪೇಟೆಂಟ್ ಪಡೆದದ್ದು. ಮೇಯಾಲ್ 1860ರಲ್ಲಿ ರಾಣಿ ವಿಕ್ಟೋರಿಯಾ ಕುಟುಂಬದ ಕಾರ್ಡುಗಳನ್ನು ಮಾರಾಟಕ್ಕೆ ಬಿಟ್ಟ ಮೇಲೆ ಇಂಗ್ಲೆಂಡಿನಲ್ಲಿ ಅದರ ಹುಚ್ಚು ಹತ್ತಿತು. ಸುಮಾರು ನಾಲ್ಕೂಕಾಲು ಇಂಚು ಅಗಲ, ಆರೂವರೆ ಇಂಚು ಉದ್ದದ್ದು ಕ್ಯಾಬಿನೆಟ್ ಕಾರ್ಡ್, ಅದು ಬಂದದ್ದು 1866ರಲ್ಲಿ. ಚೂಪು ಮೂಲೆ, ತೆಳು ಕಾರ್ಡು, ಹಿಂದೆ ಎರಡೇ ಸಾಲಿನ ಹೆಸರಿದ್ದರೆ ಸಾಮಾನ್ಯವಾಗಿ 1860ರ ದಶಕ. ದುಂಡು ಮೂಲೆ 1870ರ ದಶಕದ ನಂತರ. ಹಿಂಬದಿಯಲ್ಲಿ ಬಿದಿರು, ಬೀಸಣಿಗೆ, ಹಕ್ಕಿಗಳಂಥ ಜಪಾನಿ ಅಲಂಕಾರ ತುಂಬಿದ್ದರೆ 1880ರ ದಶಕ. ಏಳನೇ ಎಡ್ವರ್ಡ್ ದೊರೆಯ ಕಾಲಕ್ಕೆ (1901-10) ಬಂದರೆ ಫೋಟೋವನ್ನೇ ಪೋಸ್ಟ್‌ಕಾರ್ಡ್ ಮಾಡಿಸುವ ರೂಢಿ. ಹಿಂಬದಿಯ ನಡುವೆ ಗೆರೆ ಎಳೆದು ಒಂದು ಕಡೆ ವಿಳಾಸ, ಒಂದು ಕಡೆ ಸುದ್ದಿ ಬರೆಯಲು ಬ್ರಿಟಿಷ್ ಅಂಚೆ ಇಲಾಖೆ ಒಪ್ಪಿದ್ದು 1902ರಲ್ಲಿ. ಗೆರೆ ಇದ್ದರೆ ಕಾರ್ಡು ಅದರ ನಂತರದ್ದು.

ಬಟ್ಟೆ ನೋಡಿ ಕಾಲ ಹೇಳುವುದು ಇನ್ನೊಂದು ವಿದ್ಯೆ. ನಾನು ಅದನ್ನು ಕೊನೆಯ ಸಾಕ್ಷಿಯಾಗಿ ಮಾತ್ರ ಬಳಸುತ್ತೇನೆ. ಹತ್ತು ವರ್ಷ ಹಳೆಯ ಒಳ್ಳೇ ಬಟ್ಟೆಯನ್ನು ಫೋಟೋಗೆಂದೇ ಪೆಟ್ಟಿಗೆಯಿಂದ ತೆಗೆದು ಹಾಕಿಕೊಂಡವರು ಎಲ್ಲ ಕಾಲದಲ್ಲೂ ಇದ್ದರು, ಅಲ್ವಾ?

ಹೆಜ್ಜೆ 3: ವಿಳಾಸಗಳ ಪಟ್ಟಿ ಕಟ್ಟಿ

ಇದು ಬೆನ್ನೆಲುಬು. ಒಂದು ಕಾಗದದಲ್ಲೋ ಎಕ್ಸೆಲ್‌ನಲ್ಲೋ ನಾಲ್ಕು ಕಾಲಂ ಹಾಕಿ: ವರ್ಷ, ವಿಳಾಸ, ಹೆಸರು ಬರೆದ ರೀತಿ, ಎಲ್ಲಿ ಸಿಕ್ಕಿತು. ಮುಂದೆ ಸಿಗುವ ಪ್ರತಿಯೊಂದು ವಿಷಯವೂ ಈ ಪಟ್ಟಿಗೇ ಬಂದು ಸೇರಬೇಕು.

ಆ ಕಾಲದ ಇಂಗ್ಲೆಂಡಿನಲ್ಲಿ ಊರೂರಿಗೂ ವ್ಯಾಪಾರಿಗಳ ಡೈರೆಕ್ಟರಿ ಅಚ್ಚಾಗುತ್ತಿತ್ತು. ಕೆಲ್ಲೀಸ್, ಪಿಗಟ್ಸ್, ಸ್ಲೇಟರ್ಸ್ ದೊಡ್ಡ ಹೆಸರುಗಳು. ಲೆಸ್ಟರ್ ವಿಶ್ವವಿದ್ಯಾಲಯ ಇಂಗ್ಲೆಂಡ್ ಮತ್ತು ವೇಲ್ಸ್‌ನ ನೂರಾರು ಡೈರೆಕ್ಟರಿಗಳನ್ನು ಸ್ಕ್ಯಾನ್ ಮಾಡಿ ಪುಕ್ಕಟೆ ಇಟ್ಟಿದೆ. ಸ್ಕಾಟ್ಲೆಂಡಿನವು ಅಲ್ಲಿನ ನ್ಯಾಷನಲ್ ಲೈಬ್ರರಿಯಲ್ಲಿವೆ, ಅವೂ ಪುಕ್ಕಟೆ. ಒಂದೊಂದು ಡೈರೆಕ್ಟರಿಯನ್ನೂ ಮೂರು ಕಡೆ ನೋಡಿ: ಹೆಸರಿನ ಪಟ್ಟಿ, ಬೀದಿಯ ಪಟ್ಟಿ, ಕಸುಬಿನ ಪಟ್ಟಿ. ಕಸುಬಿನ ಪಟ್ಟಿಯಲ್ಲಿ 'ಫೋಟೋಗ್ರಾಫರ್ಸ್' ಮಾತ್ರವಲ್ಲ, 'ಆರ್ಟಿಸ್ಟ್ಸ್', 'ಫೋಟೋಗ್ರಾಫಿಕ್ ಆರ್ಟಿಸ್ಟ್ಸ್' ಕೂಡ ನೋಡಬೇಕು. ಸಣ್ಣ ಊರುಗಳಲ್ಲಿ ಔಷಧಿ ಅಂಗಡಿಯವರು, ಚೌರದವರು, ಫೋಟೋ ಫ್ರೇಮ್ ಮಾಡುವವರು ಪಕ್ಕದಲ್ಲೇ ಫೋಟೋ ಕೂಡ ತೆಗೆಯುತ್ತಿದ್ದರು.

ಬೀದಿಯ ಪಟ್ಟಿಯನ್ನು ಬಿಡಲೇಬೇಡಿ. ನಿಮ್ಮವನು ಆ ವಿಳಾಸಕ್ಕೆ ಬರುವ ಮೊದಲು ಅಲ್ಲಿ ಯಾರಿದ್ದರು, ಬಿಟ್ಟ ಮೇಲೆ ಯಾರು ಬಂದರು ನೋಡಿ. ಗಾಜಿನ ಸೂರಿನ ಕೋಣೆ ಕಟ್ಟಿಸುವುದು ದುಬಾರಿ. ಒಮ್ಮೆ ಕಟ್ಟಿದ ಜಾಗಕ್ಕೆ ಒಬ್ಬರ ನಂತರ ಒಬ್ಬರು ಫೋಟೋಗ್ರಾಫರೇ ಬರುತ್ತಿದ್ದರು. ಹಳೇ ಮಾಲೀಕ, ಹೊಸ ಮಾಲೀಕ ಮಾವ ಅಳಿಯ ಆಗಿರುವುದೂ ಉಂಟು.

ಎರಡು ಎಚ್ಚರ. ಡೈರೆಕ್ಟರಿಯ ಮಾಹಿತಿ ಅಚ್ಚಾಗುವ ಹೊತ್ತಿಗೇ ಹಳತಾಗಿರುತ್ತದೆ. 1880ರದ್ದು ಎಂದರೆ 1879ರ ಸ್ಥಿತಿ ಎಂದು ಓದಿ. ಇನ್ನೊಂದು, ಬೀದಿಗಳ ಮನೆ ನಂಬರ್ ಬದಲಾಗುತ್ತಿತ್ತು. 12ರಿಂದ 47ಕ್ಕೆ ಹೋದ ಎಂದು ನೀವು ಬರೆದುಕೊಂಡಿರುತ್ತೀರಿ, ಆತ ಒಂದು ಕುರ್ಚಿಯನ್ನೂ ಕದಲಿಸಿರುವುದಿಲ್ಲ. ಪಕ್ಕದ ಅಂಗಡಿಯವರೂ ಅದೇ ಕ್ರಮದಲ್ಲಿ ಹೊಸ ನಂಬರ್ ಪಡೆದಿದ್ದಾರೆಯೇ ನೋಡಿದರೆ ಗೊತ್ತಾಗುತ್ತದೆ.

ಹೆಜ್ಜೆ 4: ಜನಗಣತಿಯ ರಾತ್ರಿ ಆತ ಎಲ್ಲಿ ಮಲಗಿದ್ದ?

ಬ್ರಿಟನ್ನಿನಲ್ಲಿ 1841ರಿಂದ ಹತ್ತು ವರ್ಷಕ್ಕೊಮ್ಮೆ ನಡೆದ ಜನಗಣತಿಯ ಹಾಳೆಗಳು 1921ರ ತನಕ ನೋಡಲು ಸಿಗುತ್ತವೆ. 1931ರದ್ದು ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಇಲ್ಲ, 1942ರಲ್ಲಿ ಬೆಂಕಿಗೆ ಹೋಯಿತು. 'ಫ್ಯಾಮಿಲಿಸರ್ಚ್' ತಾಣದಲ್ಲಿ ಪುಕ್ಕಟೆ ಖಾತೆ ತೆರೆದರೆ 1881ರ ಗಣತಿಯ ಬರಹರೂಪ ಪೂರ್ತಿ ಸಿಗುತ್ತದೆ. ಶುರು ಮಾಡಲು ಅದೇ ಒಳ್ಳೆಯದು. ಮೂಲ ಹಾಳೆಯ ಚಿತ್ರಗಳಿಗೆ 'ಆ್ಯನ್ಸೆಸ್ಟ್ರಿ' ಅಥವಾ 'ಫೈಂಡ್‌ಮೈಪಾಸ್ಟ್'ಗೆ ದುಡ್ಡು ಕೊಡಬೇಕು. ಅಲ್ಲಿಗೆ ಹೋಗುವ ಮುಂಚೆ ಪಟ್ಟಿ ಸಿದ್ಧ ಮಾಡಿಕೊಂಡು ಒಂದು ತಿಂಗಳಿಗೆ ಮಾತ್ರ ಹಣ ಕಟ್ಟಿ. ಬೇಕಾದ್ದನ್ನೆಲ್ಲ ಒಟ್ಟಿಗೇ ಇಳಿಸಿಕೊಳ್ಳಿ.

ಗಣತಿ ಬರೆಯುತ್ತಿದ್ದದ್ದು ಆ ರಾತ್ರಿ ಆ ಮನೆಯಲ್ಲಿ ಮಲಗಿದ್ದವರನ್ನು. ಸ್ಟುಡಿಯೊ ವಿಳಾಸದಲ್ಲಿ ಹುಡುಕಿದರೆ ಬೀಗ ಹಾಕಿದ ಅಂಗಡಿ ಸಿಗಬಹುದು. ಆತನ ಮನೆ ಬೇರೆ ಕಡೆ ಇತ್ತು ಎಂದು ಅರ್ಥ. ಆಗ ಹೆಸರು ಮತ್ತು ಕಸುಬು ಹಾಕಿ ಹುಡುಕಿ. ಹೆಸರನ್ನು ಈಗಿನವರು ತಪ್ಪಾಗಿ ಓದಿ ಟೈಪ್ ಮಾಡಿರುವುದು ಬಹಳ. ಸಿಗದಿದ್ದರೆ ಹೆಂಡತಿಯ, ಮಕ್ಕಳ ಮೊದಲ ಹೆಸರು ಹಾಕಿ ನೋಡಿ.

ಹಾಳೆ ಸಿಕ್ಕಿತು ಎನ್ನಿ. ಎಲ್ಲರೂ ಕಸುಬಿನ ಕಾಲಂ ನೋಡುತ್ತಾರೆ. ನೀವು ಹುಟ್ಟಿದ ಊರಿನ ಕಾಲಂ ನೋಡಿ. 1851ರಿಂದ ಇದು ಊರಿನ ಮಟ್ಟಕ್ಕೆ ಸಿಗುತ್ತದೆ. ನನ್ನ ಫೋಟೋಗ್ರಾಫರನ ಮನೆಯಲ್ಲಿ 1881ರಲ್ಲಿ ನಾಲ್ಕು ಮಕ್ಕಳಿದ್ದರು. ದೊಡ್ಡವಳು ಹುಟ್ಟಿದ್ದು ಹಲ್‌ನಲ್ಲಿ, ಎರಡನೆಯವನು ಲಿಂಕನ್‌ನಲ್ಲಿ, ಮೂರನೆಯವಳು ನ್ಯೂಅರ್ಕ್‌ನಲ್ಲಿ. ಕೊನೆಯದು ಮಾತ್ರ ಕಾರ್ಡಿನಲ್ಲಿರುವ ಊರಿನಲ್ಲಿ. ಆತ ಎಲ್ಲೆಲ್ಲಿ ಹೊಟ್ಟೆಪಾಡು ಹುಡುಕಿಕೊಂಡು ಹೋಗಿದ್ದ ಅನ್ನುವುದು ಮಕ್ಕಳ ಹುಟ್ಟೂರಿನಲ್ಲೇ ಇತ್ತು. ಅವರ ವಯಸ್ಸು ಕಳೆದರೆ ಯಾವ ವರ್ಷ ಅನ್ನುವುದೂ ಸಿಕ್ಕಿತು. ಆ ಮೂರು ಊರಿನ ಡೈರೆಕ್ಟರಿಗಳಿಗೆ ವಾಪಸ್ ಹೋದೆ. ಲಿಂಕನ್‌ನಲ್ಲಿ ಆತ ಇನ್ನೊಬ್ಬರ ಕೈಕೆಳಗೆ ಕೆಲಸ ಮಾಡುತ್ತಿದ್ದ ಅಂತ ಕಾಣುತ್ತದೆ, ಅಲ್ಲಿ ಆತನ ಹೆಸರೇ ಇಲ್ಲ. ನ್ಯೂಅರ್ಕ್‌ನಲ್ಲಿ ಮೊದಲ ಸಲ ಸ್ವಂತ ಅಂಗಡಿ.

ಮನೆಯಲ್ಲಿದ್ದ ಬೇರೆಯವರನ್ನೂ ಬರೆದುಕೊಳ್ಳಿ. 'ಅಸಿಸ್ಟೆಂಟ್', 'ಅಪ್ರೆಂಟಿಸ್', 'ಲಾಡ್ಜರ್' (ಬಾಡಿಗೆಗೆ ಇರುವವರು) ಎಂದಿರುವವರು ಮುಂದಿನ ಗಣತಿಯಲ್ಲಿ ತಾವೇ ಸ್ಟುಡಿಯೊ ಇಟ್ಟಿರುತ್ತಾರೆ. 'ಆಪರೇಟರ್' ಎಂದರೆ ಕ್ಯಾಮೆರಾ ನಡೆಸುವವನು. 'ರಿಟಚರ್' ನೆಗೆಟಿವ್ ಮೇಲೆ ಮುಖದ ಕಲೆ, ಸುಕ್ಕು ತಿದ್ದುವವರು. 'ಕಲರಿಸ್ಟ್' ಬಣ್ಣ ಹಚ್ಚುವವರು. ಈ ಕೊನೆಯ ಎರಡು ಕೆಲಸದಲ್ಲಿ ಹೆಣ್ಣುಮಕ್ಕಳು ಬಹಳ ಇದ್ದರು. ಮಾಲೀಕನ ಹೆಂಡತಿ, ಮಗಳು ಎಂದರೆ ಕಾಲಂ ಖಾಲಿ ಬಿಡುವುದು ಸಾಮಾನ್ಯ. ಖಾಲಿ ಇದ್ದ ಮಾತ್ರಕ್ಕೆ ಆಕೆ ಕೆಲಸ ಮಾಡುತ್ತಿರಲಿಲ್ಲ ಎಂದು ತಿಳಿಯಬೇಡಿ.

1911ರ ಹಾಳೆ ಎಲ್ಲಕ್ಕಿಂತ ಹತ್ತಿರದ್ದು. ಅದನ್ನು ಮನೆಯವರೇ ಕೈಯಾರೆ ತುಂಬಿದ್ದಾರೆ, ಸಹಿ ಹಾಕಿದ್ದಾರೆ. ಮದುವೆಯಾಗಿ ಎಷ್ಟು ವರ್ಷ, ಹುಟ್ಟಿದ ಮಕ್ಕಳೆಷ್ಟು, ಉಳಿದವರೆಷ್ಟು, ತೀರಿಕೊಂಡವರೆಷ್ಟು ಎಂದೂ ಕೇಳಿತ್ತು. ಎಡ್ವರ್ಡ್ ಕಾಲದ ಫೋಟೋಗ್ರಾಫರ್ ಒಬ್ಬರ ಕೈಬರಹವನ್ನು ಮೊದಲ ಸಲ ನೋಡುವಾಗ ಮೈ ಜುಂ ಅನ್ನುತ್ತದೆ.

ಹೆಜ್ಜೆ 5: ಹುಟ್ಟು, ಮದುವೆ, ಸಾವು

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸರ್ಕಾರಿ ನೋಂದಣಿ 1837ರ ಜುಲೈ 1ರಿಂದ, ಸ್ಕಾಟ್ಲೆಂಡಿನಲ್ಲಿ 1855ರಿಂದ, ಐರ್ಲೆಂಡಿನಲ್ಲಿ ಪೂರ್ತಿಯಾಗಿ 1864ರಿಂದ. ಅದಕ್ಕೂ ಹಿಂದಿನದಕ್ಕೆ ಚರ್ಚಿನ ಪುಸ್ತಕಗಳು. ಜನರಲ್ ರಿಜಿಸ್ಟರ್ ಆಫೀಸಿನ ಆನ್‌ಲೈನ್ ಸೂಚಿ ಪುಕ್ಕಟೆ. ಅದರಲ್ಲಿ ಹುಟ್ಟಿನ ಜೊತೆ ತಾಯಿಯ ತವರಿನ ಮನೆತನದ ಹೆಸರು, ಸಾವಿನ ಜೊತೆ ವಯಸ್ಸು ಇರುತ್ತದೆ. ಮಕ್ಕಳ ಹುಟ್ಟಿನಿಂದ ತಾಯಿಯ ಮನೆತನ, ಅದರಿಂದ ಮದುವೆ. ಈ ಕ್ರಮದಲ್ಲಿ ಹಿಂದಕ್ಕೆ ಹೋಗಿ.

ಪ್ರಮಾಣಪತ್ರಕ್ಕೆ ದುಡ್ಡು ಕೊಡುವುದಾದರೆ ಮದುವೆಯದ್ದನ್ನೇ ಮೊದಲು ತರಿಸಿ. ಗಂಡಿನ ಕಸುಬು, ಎರಡೂ ಕಡೆಯ ತಂದೆಯರ ಹೆಸರು ಮತ್ತು ಕಸುಬು, ಸಾಕ್ಷಿಗಳು ಎಲ್ಲ ಒಂದೇ ಹಾಳೆಯಲ್ಲಿ ಸಿಗುತ್ತದೆ. ಫೋಟೋಗ್ರಾಫರ್ ಆಗುವ ಮೊದಲು ಆತ ಏನಾಗಿದ್ದ ಅನ್ನುವುದು ನನಗೆ ತಿಳಿದದ್ದು ಅಲ್ಲೇ. ಆತ ಮನೆಗಳಿಗೆ ಬಣ್ಣ ಹೊಡೆಯುತ್ತಿದ್ದ.

ಇಲ್ಲಿ ನನ್ನಿಂದ ಒಂದು ತಪ್ಪಾಯಿತು. ಅದೇ ಹೆಸರಿನ, ಅದೇ ವಯಸ್ಸಿನ ಇನ್ನೊಬ್ಬನ ಮದುವೆಯನ್ನು ಇವನದೆಂದು ಹಿಡಿದು ನಾಲ್ಕು ತಿಂಗಳು ಹೋದೆ. ಇಬ್ಬರನ್ನೂ ಬಿಡಿಸಿದ್ದು ವಿಳಾಸದ ಪಟ್ಟಿ. ಮದುವೆಯ ದಿನ ಇವನು ಹಲ್‌ನಲ್ಲಿದ್ದ, ಆ ಇನ್ನೊಬ್ಬ ಡರ್ಬಿಯಲ್ಲಿದ್ದ. ಆವತ್ತಿನಿಂದ ಹೆಸರು, ವಯಸ್ಸು, ವಿಳಾಸ, ಕಸುಬು ಈ ನಾಲ್ಕರಲ್ಲಿ ಮೂರಾದರೂ ತಾಳೆಯಾಗದೆ ಏನನ್ನೂ ಪಟ್ಟಿಗೆ ಸೇರಿಸುವುದಿಲ್ಲ.

ಹೆಜ್ಜೆ 6: ಪತ್ರಿಕೆ ಮತ್ತು ಗೆಜೆಟ್

ಮನುಷ್ಯನ ಧ್ವನಿ ಕೇಳುವುದು ಇಲ್ಲಿ. 'ಬ್ರಿಟಿಷ್ ನ್ಯೂಸ್‌ಪೇಪರ್ ಆರ್ಕೈವ್'ನಲ್ಲಿ ಹುಡುಕುವುದು ಪುಕ್ಕಟೆ, ಓದಲು ಬಹುಪಾಲು ದುಡ್ಡು. ವೇಲ್ಸ್‌ನ ಪತ್ರಿಕೆಗಳು ಅಲ್ಲಿನ ನ್ಯಾಷನಲ್ ಲೈಬ್ರರಿಯಲ್ಲಿ ಪುಕ್ಕಟೆ. ಹಳೇ ಅಚ್ಚನ್ನು ಯಂತ್ರ ಓದಿರುವುದರಿಂದ ಹೆಸರು ಕೆಟ್ಟಿರುತ್ತದೆ. ಅದಕ್ಕೇ ಮನೆತನದ ಹೆಸರು ಬಿಟ್ಟು ಬೀದಿಯ ಹೆಸರು ಮತ್ತು 'ಪೋರ್ಟ್ರೇಟ್' ಅಥವಾ 'ಕಾರ್ಟ್ಸ್' ಹಾಕಿ ಹುಡುಕಿ. ಹೊಸ ಅಂಗಡಿಯ ಜಾಹೀರಾತು, 'ಮಳೆ ಮೋಡವಿದ್ದರೂ ಫೋಟೋ ತೆಗೆಯುತ್ತೇವೆ' ಎಂಬ ಭರವಸೆ, ಸ್ಥಳ ಬದಲಿಸಿದ ಸುದ್ದಿ, 'ರಿಟಚರ್ ಬೇಕಾಗಿದ್ದಾರೆ' ಎಂಬ ಎರಡು ಸಾಲು, ಕೊನೆಗೆ ಕ್ಯಾಮೆರಾ, ಲೆನ್ಸು, ಪರದೆ ಎಲ್ಲದರ ಹರಾಜು. ಇಷ್ಟರಲ್ಲಿ ಒಂದು ಬದುಕಿನ ಏರಿಳಿತ ಕಾಣುತ್ತದೆ.

ಕೋರ್ಟಿನ ಸುದ್ದಿಗಳನ್ನೂ ನೋಡಿ. ಸಾಲ, ಓಡಿಹೋದ ಅಪ್ರೆಂಟಿಸ್, ಭಾನುವಾರ ಅಂಗಡಿ ತೆರೆದದ್ದಕ್ಕೆ ದಂಡ. ಒಂದು ವಿಷಯಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡಿರಿ. ಒದ್ದೆ ಗಾಜಿನ ಕಾಲದಲ್ಲಿ ಚಿತ್ರವನ್ನು ಸ್ಥಿರಗೊಳಿಸಲು ಪೊಟ್ಯಾಸಿಯಂ ಸೈನೈಡ್ ಬಳಸುತ್ತಿದ್ದರು. ಅದು ಎಷ್ಟೋ ಡಾರ್ಕ್‌ರೂಮುಗಳಲ್ಲಿ ಬಾಟಲಿಯಲ್ಲಿ ಇರುತ್ತಿತ್ತು. ಗೊತ್ತಿಲ್ಲದೆ ಕುಡಿದವರು, ಸಾಲ ತಾಳಲಾರದೆ ಕುಡಿದವರು, ಇಬ್ಬರ ಮರಣ ವಿಚಾರಣೆಯೂ ಆ ಕಾಲದ ಪತ್ರಿಕೆಗಳಲ್ಲಿದೆ. ಅಂಥದ್ದು ಸಿಕ್ಕರೆ ಬರೆಯುವಾಗ ಆ ಕುಟುಂಬದವರು ಓದುತ್ತಾರೆ ಅನ್ನುವುದನ್ನು ನೆನಪಿಟ್ಟುಕೊಳ್ಳಿ.

'ಲಂಡನ್ ಗೆಜೆಟ್' ಆನ್‌ಲೈನಿನಲ್ಲಿ ಪುಕ್ಕಟೆ. ಪಾಲುದಾರಿಕೆ ಮುರಿದದ್ದು, ದಿವಾಳಿಯಾದದ್ದು ಅದರಲ್ಲಿ ತಾರೀಖಿನ ಸಮೇತ ಅಚ್ಚಾಗುತ್ತಿತ್ತು. ಕಾರ್ಡಿನಲ್ಲಿ ಎರಡು ಹೆಸರಿದ್ದು ಆಮೇಲೆ ಒಂದೇ ಉಳಿದರೆ ಮೊದಲು ಇಲ್ಲಿ ನೋಡಿ. ಕಸುಬಿನ ಒಳಸುದ್ದಿಗೆ 1854ರಲ್ಲಿ ಶುರುವಾದ 'ಬ್ರಿಟಿಷ್ ಜರ್ನಲ್ ಆಫ್ ಫೋಟೋಗ್ರಫಿ' ಮತ್ತು 1858ರ 'ಫೋಟೋಗ್ರಾಫಿಕ್ ನ್ಯೂಸ್' ಇವೆ. ಹಳೇ ಸಂಪುಟಗಳು ಹಲವು 'ಇಂಟರ್ನೆಟ್ ಆರ್ಕೈವ್'ನಲ್ಲಿ ಸಿಗುತ್ತವೆ.

ಹೆಜ್ಜೆ 7: ಕಾಪಿರೈಟ್ ಅರ್ಜಿ

ಇದನ್ನು ಹೆಚ್ಚಿನವರು ನೋಡುವುದೇ ಇಲ್ಲ. 1862ರ ಕಾಯ್ದೆ ಫೋಟೋಗಳಿಗೂ ಕಾಪಿರೈಟ್ ಕೊಟ್ಟಿತು. ಲಂಡನ್ನಿನ ಸ್ಟೇಷನರ್ಸ್ ಹಾಲ್‌ನಲ್ಲಿ ನೋಂದಾಯಿಸಬೇಕಿತ್ತು. 1912ರ ತನಕದ ಆ ಅರ್ಜಿಗಳು ಈಗ ಲಂಡನ್ನಿನ ಕ್ಯೂ ಎಂಬಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ 'ಕಾಪಿ 1' ಎಂಬ ಸಾಲಿನಲ್ಲಿವೆ. ಅರ್ಜಿಯಲ್ಲಿ ಫೋಟೋದ ವಿವರಣೆ, ತೆಗೆದವರ ಹೆಸರು ವಿಳಾಸ, ಹಕ್ಕುದಾರರ ಹೆಸರು ವಿಳಾಸ, ತಾರೀಖು ಇರುತ್ತದೆ. ಎಷ್ಟೋ ಅರ್ಜಿಗೆ ಫೋಟೋವನ್ನೇ ಅಂಟಿಸಿದ್ದಾರೆ. ಆರ್ಕೈವ್ಸ್‌ನ ಕ್ಯಾಟಲಾಗಿನಲ್ಲಿ ಮನೆಯಿಂದಲೇ ಹೆಸರು ಹಾಕಿ ಹುಡುಕಬಹುದು. ದೊಡ್ಡವರ ಚಿತ್ರಗಳೇ ಜಾಸ್ತಿ, ಆದರೆ ಊರಿನ ಪಾದ್ರಿ, ಕ್ರಿಕೆಟ್ ತಂಡ, ಹಡಗು ಮುಳುಗಿದ ದೃಶ್ಯ ನೋಂದಾಯಿಸಿದ ಸಣ್ಣವರೂ ಇದ್ದಾರೆ. ತೆಗೆದವರು ಮತ್ತು ಹಕ್ಕುದಾರರು ಬೇರೆ ಬೇರೆ ಆಗಿದ್ದರೆ ಸ್ಟುಡಿಯೊದ ಬೋರ್ಡಿನ ಹಿಂದೆ ನಿಜವಾಗಿ ಕ್ಯಾಮೆರಾ ಹಿಡಿದವರು ಯಾರು ಅನ್ನುವುದು ಹೊರಗೆ ಬರುತ್ತದೆ.

ಹೆಜ್ಜೆ 8: ಕಟ್ಟಡವನ್ನು ಹುಡುಕಿ

ಸ್ಕಾಟ್ಲೆಂಡಿನ ನ್ಯಾಷನಲ್ ಲೈಬ್ರರಿಯ ತಾಣದಲ್ಲಿ ಇಂಗ್ಲೆಂಡಿನ ಹಳೇ ಆರ್ಡ್‌ನೆನ್ಸ್ ಸರ್ವೇ (ಸರ್ಕಾರಿ ಭೂಮಾಪನ) ನಕ್ಷೆಗಳೂ ಪುಕ್ಕಟೆ ಇವೆ. ಊರುಗಳ ದೊಡ್ಡ ಅಳತೆಯ ನಕ್ಷೆಯಲ್ಲಿ ಗಾಜಿನ ಸೂರನ್ನು ಅಡ್ಡಗೆರೆ ಹಾಕಿ ತೋರಿಸಿರುತ್ತಾರೆ. ಸ್ಟುಡಿಯೊಗಳು ಸಾಮಾನ್ಯವಾಗಿ ಮೇಲಿನ ಮಹಡಿಯಲ್ಲೋ ಹಿತ್ತಲಿನಲ್ಲೋ, ಉತ್ತರಕ್ಕೆ ಗಾಜು ಹಾಕಿ ಕಟ್ಟಿದವು. ನೇರ ಬಿಸಿಲು ಬಾರದೆ ಒಂದೇ ಸಮನಾದ ಬೆಳಕು ಬೇಕಿತ್ತು. ನಕ್ಷೆಯಲ್ಲಿ ಜಾಗ ಗುರುತಿಸಿ ಗೂಗಲ್ ಸ್ಟ್ರೀಟ್ ವ್ಯೂನಲ್ಲಿ ನೋಡಿ. ಕೆಳಗೆ ಮೊಬೈಲ್ ಅಂಗಡಿ ಇದ್ದರೂ ಮೇಲೆ ಓರೆಯಾದ ಗಾಜು ಇನ್ನೂ ಉಳಿದಿರುವ ಕಟ್ಟಡಗಳು ಇವೆ.

ಹೆಜ್ಜೆ 9: ಭಾರತಕ್ಕೆ ಬಂದವರು

ಪಟ್ಟಿಯಲ್ಲಿ ಐದಾರು ವರ್ಷ ಖಾಲಿ ಇದ್ದರೆ ಆತ ಸಮುದ್ರ ದಾಟಿರಬಹುದು. ನಾಟಿಂಗ್‌ಹ್ಯಾಮ್‌ನಲ್ಲೇ ಕೆಲಸದಲ್ಲಿದ್ದ ಸ್ಯಾಮ್ಯುಯೆಲ್ ಬೋರ್ನ್ ಇದಕ್ಕೆ ಒಳ್ಳೇ ಉದಾಹರಣೆ. 1834ರಲ್ಲಿ ಹುಟ್ಟಿದವರು, ಬ್ಯಾಂಕಿನಲ್ಲಿ ಗುಮಾಸ್ತರಾಗಿದ್ದರು. 1863ರಲ್ಲಿ ಕಲ್ಕತ್ತೆಗೆ ಬಂದು, ಶಿಮ್ಲಾದಲ್ಲಿ ಸ್ಟುಡಿಯೊ ನಡೆಸಿ, ಹಿಮಾಲಯವನ್ನು ಗಾಜಿನ ಮೇಲೆ ಇಳಿಸಿದರು. 'ಬೋರ್ನ್ ಆ್ಯಂಡ್ ಶೆಪರ್ಡ್' ಸ್ಟುಡಿಯೊ ಕಲ್ಕತ್ತೆಯಲ್ಲಿ 2016ರ ತನಕ ನಡೆಯಿತು. ಆದರೆ ಬೋರ್ನ್ ತಾವು ಏಳೆಂಟು ವರ್ಷದಲ್ಲೇ ನಾಟಿಂಗ್‌ಹ್ಯಾಮ್‌ಗೆ ವಾಪಸಾಗಿ ಹತ್ತಿ ನೂಲಿನ ವ್ಯಾಪಾರಕ್ಕಿಳಿದರು. 1912ರಲ್ಲಿ ತೀರಿಕೊಂಡರು. ಅಲ್ಲಿನ ಡೈರೆಕ್ಟರಿಯಲ್ಲಿ ಫೋಟೋಗ್ರಾಫರ್ ಕಾಲಂ ಮಾತ್ರ ನೋಡಿದರೆ ಅವರು ಕಾಣುವುದಿಲ್ಲ. ಕಸುಬನ್ನಲ್ಲ, ಮನುಷ್ಯನನ್ನು ಹುಡುಕಬೇಕು.

ಕಾರ್ಡಿನ ಮೇಲೆ 'ಬೆಂಗಳೂರು' ಎಂದೇ ಇದ್ದರೆ? ದಂಡು ಪ್ರದೇಶದ ಚರ್ಚುಗಳ ನಾಮಕರಣ, ಮದುವೆ, ಸಮಾಧಿಯ ವಿವರಗಳು ಮದ್ರಾಸಿನ ಮೂಲಕ ಲಂಡನ್ನಿಗೆ ಹೋಗುತ್ತಿದ್ದವು. ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿ ಮದ್ರಾಸಿನ ಸಾಲು 'ಎನ್/2'. ಹಾಗಾಗಿ ಬೆಂಗಳೂರಿನವರನ್ನು ಮೈಸೂರು ಎಂದು ಹುಡುಕದೆ ಮದ್ರಾಸ್ ಎಂದು ಹುಡುಕಿ. ಇವುಗಳ ಚಿತ್ರಗಳು ಫೈಂಡ್‌ಮೈಪಾಸ್ಟ್‌ನಲ್ಲಿವೆ. ಭಾರತದಲ್ಲಿದ್ದ ಬ್ರಿಟಿಷ್ ಕುಟುಂಬಗಳ ಚರಿತ್ರೆ ಹುಡುಕುವ 'ಫಿಬಿಸ್' ಎಂಬ ಸಂಸ್ಥೆಯ ಸೂಚಿ ಪುಕ್ಕಟೆ. ಅಂಗಡಿಗಳ ವಿಳಾಸಕ್ಕೆ ಮದ್ರಾಸಿನ ಅಸೈಲಂ ಪ್ರೆಸ್ ಆಲ್ಮನಾಕ್ ಮತ್ತು ಥ್ಯಾಕರ್ಸ್ ಡೈರೆಕ್ಟರಿ ಕೆಲ್ಲೀಸ್ ಇದ್ದ ಹಾಗೆ.

ಹೆಜ್ಜೆ 10: ಉಯಿಲು, ನೆಗೆಟಿವ್, ಮತ್ತು ಅಂಗಡಿ ಮುಂದುವರಿಸಿದವರು

1858ರಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನ ಉಯಿಲುಗಳ ವಾರ್ಷಿಕ ಪಟ್ಟಿ ಸರ್ಕಾರಿ ತಾಣದಲ್ಲಿ ಪುಕ್ಕಟೆ ನೋಡಬಹುದು. ಸತ್ತ ದಿನ, ಆಸ್ತಿಯ ಮೊತ್ತ, ಯಾರ ಕೈಗೆ ಹೋಯಿತು ಎಲ್ಲ ಎರಡು ಮೂರು ಸಾಲಿನಲ್ಲಿರುತ್ತದೆ. ಉಯಿಲಿನ ಪ್ರತಿಗೆ ಸ್ವಲ್ಪ ಹಣ. ಬಡ ಫೋಟೋಗ್ರಾಫರುಗಳದ್ದು ಇಲ್ಲದೆಯೂ ಇರಬಹುದು.

ನೆಗೆಟಿವ್‌ಗಳ ಕತೆ ಸಾಮಾನ್ಯವಾಗಿ ಬೇಸರದ್ದು. ಎಷ್ಟೋ ಕಡೆ ಗಾಜನ್ನು ತೊಳೆದು ಮಾರಿದರು. ಕೆಲವು ಉಳಿದವು. ಲಂಡನ್ನಿನ ಬೇಸ್‌ವಾಟರ್‌ನಲ್ಲಿ 1859ರಿಂದ 1868ರ ತನಕ ಸ್ಟುಡಿಯೊ ನಡೆಸಿದ ಕಮೀಯ್ ಸಿಲ್ವಿ ಅವರು ಪ್ರತಿ ಗಿರಾಕಿಯ ಫೋಟೋವನ್ನೂ ದಿನಚರಿ ಪುಸ್ತಕದಲ್ಲಿ ಅಂಟಿಸಿ, ಸಂಖ್ಯೆ ಮತ್ತು ಹೆಸರು ಬರೆಸಿದ್ದರು. ಆ ಪುಸ್ತಕಗಳು ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯಲ್ಲಿವೆ, ಸುಮಾರು 17,000 ಚಿತ್ರ. ನಿಮ್ಮ ಊರಿನ ಸ್ಟುಡಿಯೊದ್ದು ಏನಾದರೂ ಉಳಿದಿದೆಯೇ ಎಂದು ಆ ಜಿಲ್ಲೆಯ ರೆಕಾರ್ಡ್ ಆಫೀಸಿಗೆ ಒಂದು ಇಮೇಲ್ ಹಾಕಿ. ವಿಳಾಸ ಮತ್ತು ವರ್ಷಗಳ ಪಟ್ಟಿ ಜೊತೆಗಿಟ್ಟರೆ ಅಲ್ಲಿನವರು ಹುಡುಕಲು ಸುಲಭ. ಸುಮ್ನೆ ಹೆಸರು ಕೊಟ್ಟರೆ ಕಷ್ಟ.

ಕೊನೆಯದಾಗಿ, ಆತ ಸತ್ತ ತಾರೀಖನ್ನು ಪಟ್ಟಿಯ ನಡುವೆ ಇಟ್ಟು ಮತ್ತೆ ಮೇಲಿನಿಂದ ಓದಿ. ಇದನ್ನು ತಪ್ಪದೆ ಮಾಡಿ. ನನ್ನ ಫೋಟೋಗ್ರಾಫರ್ 1882ರ ಕೊನೆಯಲ್ಲಿ, 41ನೇ ವಯಸ್ಸಿಗೆ ತೀರಿಕೊಂಡ. ಆದರೆ 1885ರ ಡೈರೆಕ್ಟರಿಯಲ್ಲಿ ಆತನ ಹೆಸರು ಹಾಗೇ ಇದೆ. ಮೊದಲು ಅಚ್ಚಿನವರ ತಪ್ಪು ಎಂದುಕೊಂಡೆ. 1891ರ ಜನಗಣತಿಗೆ ಬಂದರೆ ಅದೇ ವಿಳಾಸದಲ್ಲಿ ಮನೆಯ ಯಜಮಾನಿ ಆತನ ಹೆಂಡತಿ. ವಿಧವೆ. ಹತ್ತು ವರ್ಷದ ಹಿಂದೆ ಆಕೆಯ ಕಸುಬಿನ ಕಾಲಂ ಖಾಲಿ ಇತ್ತು. ಈಗ ಅಲ್ಲಿ 'ಫೋಟೋಗ್ರಾಫರ್' ಎಂದಿದೆ. ದೊಡ್ಡ ಮಗಳ ಎದುರು 'ರಿಟಚರ್'.

ಹೋದ ವರ್ಷ ಅದೇ ಸ್ಟುಡಿಯೊದ ಇನ್ನೊಂದು ಕಾರ್ಡು ಸಿಕ್ಕಿತು. ಸಮವಸ್ತ್ರದಲ್ಲಿ ನಿಂತ ಒಬ್ಬ ಹುಡುಗ, ಪಕ್ಕದಲ್ಲಿ ಗೊಂಚಲು ಮುರಿದ ಅದೇ ಕುರ್ಚಿ. ಹಿಂಬದಿಯಲ್ಲಿ ಅದೇ ದೊಡ್ಡ ಅಕ್ಷರದ ಹೆಸರು. ಪೆನ್ಸಿಲಿನ ಸಂಖ್ಯೆ 5860. ಅದರ ಕೆಳಗೆ ಶಾಯಿಯಲ್ಲಿ, ಬೇರೆ ಕೈಬರಹದಲ್ಲಿ, 'ಏಪ್ರಿಲ್ 1886'. ಪಟ್ಟಿಯಲ್ಲಿ ಆ ಸಾಲನ್ನು ಹೀಗೆ ತುಂಬಿದ್ದೇನೆ: 1886, ಅದೇ ಬೀದಿ, ಕಾರ್ಡಿನಲ್ಲಿ ಆತನ ಹೆಸರು, ತೆಗೆದವರು ಬಹುಶಃ ಆಕೆ.